ಮೂರು ದಿನ, ಹದಿನಾಲ್ಕು ಚಾ: ಶಿರಸಿಯಿಂದ ಕಾರವಾರಕ್ಕೆ ಸೈಕಲ್ ಮೇಲೆ

ಹೊರಡುವ ಹಿಂದಿನ ರಾತ್ರಿ

ನನ್ನ ಮಾವನ ಮನೆಯಲ್ಲಿ ಚಾ ಮಾಡುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಶಿರಸಿಯಿಂದ ಕುಮಟಾ ರಸ್ತೆಯಲ್ಲಿ ಸ್ವಲ್ಪ ದೂರ ಹೋಗಿ ಒಳಗೆ ತಿರುಗಿದರೆ ಸಿಗುವ ಅಡಿಕೆ ತೋಟದ ಮನೆ ಅದು. ಬೆಳಿಗ್ಗೆ ಕಷಾಯ, ಸಂಜೆ ಕಷಾಯ, ನೆಂಟರು ಬಂದರೂ ಕಷಾಯ. ಕೊತ್ತಂಬರಿ, ಜೀರಿಗೆ ಹುರಿದು ಪುಡಿ ಮಾಡಿ, ಬೆಲ್ಲ, ಹಾಲು ಹಾಕಿ ಕುದಿಸಿದ್ದು. ಚೊಲೋ ಇರುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ಹನ್ನೊಂದು ವರ್ಷದಿಂದ ಅದೇ! ಮದುವೆಯಾದ ಹೊಸತರಲ್ಲಿ ನಾಚಿಕೆ ಬಿಟ್ಟು ಒಮ್ಮೆ ಕೇಳಿದ್ದೆ. "ಚಾ ಕುಡಿದ್ರೆ ಪಿತ್ತ" ಎಂದು ಮಾವ ಪೇಪರಿನಿಂದ ತಲೆ ಎತ್ತದೆ ಹೇಳಿದ್ದರು. ಆಮೇಲೆ ಕೇಳಲಿಲ್ಲ.

ಡಿಸೆಂಬರ್ ಕೊನೆಯ ವಾರ. ಮಕ್ಕಳಿಗೆ ರಜೆ, ತೋಟದಲ್ಲಿ ಕೊನೆಕೊಯ್ಲು. ಎರಡೂ ಒಟ್ಟಿಗೆ ಬಂದರೆ ಅಳಿಯನ ಪಾಡು ಏನು ಅಂತ ಘಟ್ಟದ ಮೇಲಿಂದ ಹೆಣ್ಣು ತಂದವರಿಗೆ ಗೊತ್ತು. ಹಗಲಿಡೀ ಅಂಗಳದಲ್ಲಿ ಅಡಿಕೆ ಕೊನೆ, ರಾತ್ರಿ ಸುಲಿಯುವ ಕೆಲಸ. ನಾನೋ ಕಾರವಾರದಲ್ಲಿ ಆಫೀಸಿನ ಕುರ್ಚಿಯಲ್ಲಿ ಕೂರುವವನು. ಮೆಟ್ಟುಗತ್ತಿ ನನಗೆ ಒಗ್ಗುವುದಿಲ್ಲ. ಪಕ್ಕದಲ್ಲಿ ಕೂತವರ ಬುಟ್ಟಿ ಮೂರು ಸಲ ತುಂಬುವಷ್ಟರಲ್ಲಿ ನನ್ನ ಬುಟ್ಟಿಯ ತಳ ಮುಚ್ಚಿರುತ್ತದೆ ಅಷ್ಟೇ. "ಪಾಪ, ಘಟ್ಟದ ಕೆಳಗಿನವು" ಎಂದು ಅತ್ತೆ ನನ್ನ ಪರ ವಹಿಸುತ್ತಾರೆ. ಆ ಪರ ವಹಿಸುವುದೇ ಬೇಡವಾಗಿತ್ತು.

ಆದ್ದರಿಂದ ಭಾವ ಸೈಕಲ್ ಮಾತು ತೆಗೆದಾಗ ನಾನು ಎರಡು ಸಲ ಯೋಚಿಸಲಿಲ್ಲ. ಭಾವ ಅಂದರೆ ಹೆಂಡತಿಯ ತಮ್ಮ. ನಮ್ಮಲ್ಲಿ ಅಕ್ಕನ ಗಂಡನೂ ಭಾವ, ಹೆಂಡತಿಯ ತಮ್ಮನೂ ಭಾವ. ಹಾಗಾಗಿ ನಾವಿಬ್ಬರೂ ಒಬ್ಬರನ್ನೊಬ್ಬರು ಅದೇ ಹೆಸರಲ್ಲಿ ಕರೆಯುತ್ತೇವೆ, ದೂರದಿಂದ ಕೇಳುವವರಿಗೆ ಯಾರು ಯಾರನ್ನು ಬೈದರು ಗೊತ್ತಾಗುವುದಿಲ್ಲ. ಅವನದು ಕಂಪ್ಯೂಟರ್ ಕೆಲಸ, ಈಗ ಮನೆಯಿಂದಲೇ. ಕಳೆದ ವರ್ಷ ಒಂದು ಲಕ್ಷದ ಹತ್ತಿರ ಕೊಟ್ಟು ಸೈಕಲ್ ತಂದಿದ್ದಾನೆ. ಅದರ ಟಯರು ನನ್ನ ಹೆಬ್ಬೆರಳಿನಷ್ಟು ದಪ್ಪ. ನನ್ನದು ಎಂಟು ವರ್ಷದ ಹಳೆಯ ಗೇರ್ ಸೈಕಲ್. ಬರುವಾಗ ಕಾರಿನ ಹಿಂದೆ ಕಟ್ಟಿ ತಂದಿದ್ದೆ. ಹೆಂಡತಿ, ಮಕ್ಕಳು ಕಾರಲ್ಲಿ ವಾಪಸ್ಸು, ನಾವು ಸೈಕಲ್ಲಲ್ಲಿ. ಶಿರಸಿಯಿಂದ ಕುಮಟಾ, ಗೋಕರ್ಣ, ಅಂಕೋಲಾ, ಕಾರವಾರ. ಸುಮಾರು 150 ಕಿ.ಮೀ.

ರಾತ್ರಿ ಹತ್ತಕ್ಕೆ ಅತ್ತೆ ಒಂದು ಚೀಲ ತಂದಿಟ್ಟರು. ಅದರಲ್ಲಿ ಎರಡು ಕೇಜಿ ಅಪ್ಪೆಮಿಡಿ ಉಪ್ಪಿನಕಾಯಿ, ಒಂದು ಡಬ್ಬಿ ತೊಡದೇವು. ಕಾರಲ್ಲಿ ಕಳಿಸಿ ಅಂದೆ. ಕಾರಲ್ಲಿ ಆಗಲೇ ತೆಂಗಿನಕಾಯಿ, ಬಾಳೆಗೊನೆ, ಮಕ್ಕಳು ತುಂಬಿದ್ದರು. ತೊಡದೇವು ಗೊತ್ತಲ್ವಾ? ಮಡಕೆಯನ್ನು ಬೋರಲು ಹಾಕಿ, ಕೆಳಗೆ ಬೆಂಕಿ ಕೊಟ್ಟು, ಅದರ ಬೆನ್ನ ಮೇಲೆ ಅಕ್ಕಿಹಿಟ್ಟು, ಬೆಲ್ಲದ ತೆಳು ಹಿಟ್ಟನ್ನು ಬಟ್ಟೆಯಿಂದ ಎಳೆದು ಮಾಡುವುದು. ಕಾಗದಕ್ಕಿಂತ ತೆಳು. ಅದನ್ನು ಸೈಕಲ್ ಮೇಲೆ, ದೇವಿಮನೆ ಘಟ್ಟ ಇಳಿಸಿಕೊಂಡು! "ಜೋಪಾನ" ಅಂದರು ಅತ್ತೆ.

ಮೊದಲನೇ ದಿನ: ಶಿರಸಿ – ಕುಮಟಾ

ಆರೂವರೆಗೆ ಹೊರಟೆವು. ಇಬ್ಬನಿಯಲ್ಲಿ ಹತ್ತು ಮಾರು ಆಚೆ ಏನೂ ಕಾಣುತ್ತಿರಲಿಲ್ಲ. ಭಾವ ಮೈಗಂಟುವ ಸೈಕಲ್ ಚಡ್ಡಿ ಹಾಕಿದ್ದ. ಅತ್ತೆ ಅದನ್ನು ನೋಡಿ, "ಮೇಲಿಂದ ಒಂದು ಪಂಚೆ ಆದ್ರೂ ಸುತ್ಕ" ಅಂದರು. ಅವತ್ತು ಅವರು ಹೇಳಿದ ಒಂದು ಮಾತಿಗೆ ನಾನು ಪೂರ್ತಿ ಒಪ್ಪಿದ್ದು ಇದಕ್ಕೇ.

ಮುಖ್ಯ ರಸ್ತೆಗೆ ಬಂದ ಮೇಲೆ ಅವನ ಪಾಠ ಶುರು. ನಿಮಿಷಕ್ಕೆ 80 ಸಲ ಪೆಡಲ್ ತಿರುಗಿಸಬೇಕಂತೆ. ನನ್ನದು 60 ಇದೆಯಂತೆ. ಸೀಟು ಎರಡು ಇಂಚು ಎತ್ತರ ಮಾಡಬೇಕಂತೆ. ಕೈಗೆ ಕಟ್ಟಿದ ವಾಚು ಎದೆ ಬಡಿತ ತೋರಿಸುತ್ತದೆ, ಅದನ್ನೂ ಓದಿ ಹೇಳುತ್ತಾನೆ. ಅವನ ಅಪ್ಪ ಮಳೆಯ ಇಂಚು ಓದಿ ಹೇಳುವ ಧಾಟಿ ಅದೇ.

ಮೊದಲ ಚಾ ಅಮ್ಮಿನಳ್ಳಿಯಲ್ಲಿ. ಐದು ದಿನದ ಕಷಾಯದ ಮೇಲೆ ಆ ಲೋಟ ಕೈಗೆ ಬಂದಾಗ ನಾನು ಕಣ್ಣು ಮುಚ್ಚಿಕೊಂಡೆ. ಚೂರು ಶುಂಠಿ, ಸಕ್ಕರೆ ಜಾಸ್ತಿ, ಹೊಗೆಯ ವಾಸನೆ. ಅಂಗಡಿಯವರು ಭಾವನ ಮುಖ ನೋಡಿದರು, ಮತ್ತೊಮ್ಮೆ ನೋಡಿದರು.

"ಹೆಗಡೇರ ಮಗ ಅಲ್ವಾ? ಅಪ್ಪಯ್ಯ ಹುಷಾರಿದ್ದಾರಾ? ಎರಡು ದಿನ ಆಯ್ತು, ಕಾಣಲೇ ಇಲ್ಲ."

ಭಾವ "ಕೊಯ್ಲಲ್ಲಿ ಪುರಸೊತ್ತಿಲ್ಲ" ಅಂದ. ದುಡ್ಡು ಕೊಡಲು ಹೋದರೆ, "ಇರಲಿ, ಅವರ ಲೆಕ್ಕಕ್ಕೆ ಬರೆದುಕೊಳ್ತೇನೆ" ಎಂದು ಅವರು ಗಲ್ಲೆಯಿಂದ ಒಂದು ಪುಸ್ತಕ ತೆಗೆದರು. ಪುಸ್ತಕದ ಆ ಪುಟ ತುಂಬಿತ್ತು. ನಾನು ಭಾವನನ್ನು ನೋಡಿದೆ. ಭಾವ ಚೈನು ನೋಡುತ್ತಿದ್ದ, ಚೈನಿನಲ್ಲಿ ನೋಡುವಂಥದ್ದೇನೂ ಇರಲಿಲ್ಲ. ಇಬ್ಬರೂ ಏನೂ ಮಾತಾಡದೆ ಸೈಕಲ್ ಹತ್ತಿದೆವು.

ಮಧ್ಯೆ ಒಂದು ಕಡೆ ಯಾಣದ ಮಾತು ಬಂತು. ಅಲ್ಲಿನ ಭೈರವೇಶ್ವರ ಶಿಖರ 120 ಮೀಟರ್, ಮೋಹಿನಿ ಶಿಖರ 90 ಮೀಟರ್. ಕಾಡಿನ ನಡುವೆ ಎದ್ದು ನಿಂತ ಕಪ್ಪು ಸುಣ್ಣದಕಲ್ಲು. ಭಾವನಿಗೆ ಹೋಗುವ ಆಸೆ. "ಸೊಕ್ಕಿದ್ದವ ಯಾಣಕ್ಕೆ, ರೊಕ್ಕಿದ್ದವ ಗೋಕರ್ಣಕ್ಕೆ" ಅಂತ ನಮ್ಮ ಕಡೆ ಗಾದೆ. ಹಿಂದೆ ಆ ಕಾಡುದಾರಿ ಅಷ್ಟು ಕಷ್ಟದ್ದು. ನನಗೆ ಸೊಕ್ಕೂ ಇಲ್ಲ, ರೊಕ್ಕವೂ ಇಲ್ಲ, ಬೆನ್ನ ಹಿಂದೆ ಎರಡು ಕೇಜಿ ಉಪ್ಪಿನಕಾಯಿ ಇದೆ ಅಂದೆ. ನೇರ ಹೋದೆವು.

ರಾಗಿಹೊಸಳ್ಳಿ ದಾಟಿ ಎರಡನೇ ಚಾಕ್ಕೆ ನಿಂತಾಗ ಭಾವ ತನ್ನ ಮಾವನ ಮನೆಯ ವಿಷಯ ತೆಗೆದ. ಅವನ ಹೆಂಡತಿಯ ತವರು ಸಿದ್ದಾಪುರದ ಕಡೆ. "ಹೋದ ಕೂಡ್ಲೆ ಸಂಬಳ ಎಷ್ಟಾತು ಕೇಳ್ತ ಭಾವ. ಚಪ್ಪಲಿ ಬಿಡಲೂ ಬಿಡ್ತ್ನಿಲ್ಲೆ." ಬೆಳಿಗ್ಗೆ ಐದಕ್ಕೇ ಎಬ್ಬಿಸುತ್ತಾರಂತೆ. ಬೇಡ ಅಂದರೂ ಬಡಿಸುತ್ತಾರಂತೆ, ತಿನ್ನದಿದ್ದರೆ ರುಚಿ ಆಗಲಿಲ್ಲವಾ ಅಂತ ಮುಖ ಸಣ್ಣ ಮಾಡುತ್ತಾರಂತೆ. ಇನ್ನೊಬ್ಬ ಅಳಿಯ ಬ್ಯಾಂಕಿನವನು, ಮಾತು ಮಾತಿಗೆ ಅವನ ಹೆಸರು ಬರುತ್ತದಂತೆ.

ನಾನು ಚಾ ಬಾಯಲ್ಲಿಟ್ಟುಕೊಂಡು ಕೇಳಿದೆ. ಇದರಲ್ಲಿ ಒಂದೊಂದೂ ನನ್ನ ಮಾವನ ಮನೆಯ ಕಥೆ. ಬೆಳಿಗ್ಗೆ ಐದು, ಸಂಬಳ, ಮೂರನೇ ಸಲದ ಅನ್ನ, ಎಲ್ಲ. ಬ್ಯಾಂಕಿನ ಅಳಿಯನ ಜಾಗದಲ್ಲಿ "ನಮ್ಮ ತಮ್ಮು ಲಕ್ಷದ ಸೈಕಲ್ ತಗಂಡ" ಅಂತ ಹಾಕಿದರೆ ಆಯಿತು. ಆದರೆ ಹೇಳುವುದು ಯಾರ ಹತ್ತಿರ? ನನ್ನ ಅತ್ತೆ ಅವನ ಅಮ್ಮ. "ಹೌದಾ? ಛೇ" ಅಂದೆ.

ದೇವಿಮನೆಯಿಂದ ಇಳಿಜಾರು. ಶಿರಸಿ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಅಷ್ಟನ್ನೂ ಈ ಘಟ್ಟದ ಆಸುಪಾಸಿನಲ್ಲೇ ಕಳೆದುಕೊಳ್ಳಬೇಕು. ಇಲ್ಲಿ ಮಾತ್ರ ಭಾವನ ಪಾಠ ಉಪಯೋಗಕ್ಕೆ ಬಂತು. ಬ್ರೇಕನ್ನು ಒತ್ತಿ ಹಿಡಿದೇ ಇರಬಾರದು, ಒತ್ತಿ ಬಿಡಬೇಕು, ಒತ್ತಿ ಬಿಡಬೇಕು. ನನ್ನಂಥ ರಿಮ್ಮಿಗೆ ರಬ್ಬರ್ ಒತ್ತುವ ಹಳೆ ಬ್ರೇಕಾದರೆ ಇನ್ನೂ ಜಾಗ್ರತೆ, ರಿಮ್ ಕಾದು ಟ್ಯೂಬ್ ಸಿಡಿಯುವುದೂ ಉಂಟು. ತಿರುವಿಗೆ ಮೊದಲೇ ವೇಗ ಇಳಿಸಬೇಕು, ತಿರುವಿನೊಳಗೆ ಅಲ್ಲ. ಅಗಲ ಮಾಡಿದ ರಸ್ತೆಯಲ್ಲಿ ಅಲ್ಲಲ್ಲಿ ಜಲ್ಲಿ. ಒಂದೊಂದು ಗುಂಡಿಗೂ ನನಗೆ ಹಿಂದಿನ ಚೀಲದಿಂದ ಸಣ್ಣ ಚುರುಚುರು ಸದ್ದು ಕೇಳುತ್ತಿತ್ತು. ಅಘನಾಶಿನಿ ಕಣಿವೆಯ ಈ ಕಾಡು ಸಿಂಗಳೀಕಗಳಿಗೆ ಹೆಸರಾದದ್ದು. ನಮಗೆ ಸಿಕ್ಕಿದ್ದು ಮಾಮೂಲಿ ಮಂಗ, ಅದೂ ಚೀಲದ ಮೇಲೇ ಕಣ್ಣಿಟ್ಟದ್ದು.

ಕತಗಾಲ ಮುಟ್ಟುವಾಗ ಗಾಳಿ ಬದಲಾಯಿತು. ಅಡಿಕೆ ಹಿಂದೆ ಸರಿದು ತೆಂಗು ಬಂತು, ಕುತ್ತಿಗೆಗೆ ಬೆವರು ಬಂತು. "ಎಂತಾ ಸೆಖೆ ಮಾರಾಯ ನಿಮ್ಮೂರಲ್ಲಿ" ಎಂದ ಭಾವ. ಡಿಸೆಂಬರಿನಲ್ಲಿ! ಇವನ ಮನೆಯವರೆಲ್ಲ ಕತಗಾಲ ದಾಟುತ್ತಲೇ ಈ ವಾಕ್ಯ ಹೇಳುತ್ತಾರೆ. ನನ್ನ ಮದುವೆಯ ದಿಬ್ಬಣವೂ ಹೇಳಿತ್ತು.

ರಾತ್ರಿ ಕುಮಟಾದಲ್ಲಿ ನನ್ನ ಚಿಕ್ಕಮ್ಮನ ಮನೆ. ನಾವು ಗೇಟು ತೆಗೆಯುವ ಮೊದಲೇ ಚಿಕ್ಕಮ್ಮ, "ನಿನ್ನ ಅತ್ತೆ ಫೋನ್ ಮಾಡಿದ್ದರು, ನಿನಗೆ ರಾತ್ರಿ ಮೊಸರು ಕೊಡಬಾರದಂತೆ" ಅಂದರು.

ಎರಡನೇ ದಿನ: ಕುಮಟಾ – ಗೋಕರ್ಣ

ಜಗಳದಿಂದ ಶುರುವಾದ ದಿನ. ಭಾವನಿಗೆ ಹೆದ್ದಾರಿ ಹಿಡಿದು ಮಿರ್ಜಾನ್ ಕೋಟೆಗೆ ಹೋಗಬೇಕು. ನನಗೆ ಅಘನಾಶಿನಿ ಊರಿಗೆ ಹೋಗಿ, ದೋಣಿಯಲ್ಲಿ ತದಡಿಗೆ ದಾಟಬೇಕು. ಬನ್ಸ್, ಭಾಜಿ ತಿನ್ನುತ್ತ ಅರ್ಧ ಗಂಟೆ ಇದೇ ಆಯಿತು. ಮಿರ್ಜಾನ್ ಚೆನ್ನಭೈರಾದೇವಿಯ ಕೋಟೆ. ಗೇರುಸೊಪ್ಪೆಯ ಈ ರಾಣಿ 1552ರಿಂದ 1606ರವರೆಗೆ, 54 ವರ್ಷ ಆಳಿದಳು. ಈ ಕಡೆಯ ಕಾಳುಮೆಣಸಿನ ವ್ಯಾಪಾರ ಅವಳ ಕೈಯಲ್ಲಿತ್ತು, ಪೋರ್ಚುಗೀಸರು ಅವಳನ್ನು ಮೆಣಸಿನ ರಾಣಿ ಅಂತಲೇ ಕರೆಯುತ್ತಿದ್ದರು.

"ನಮ್ಮನೇಲೂ ಒಬ್ಬಳಿದ್ದಾಳೆ" ಅಂದ ಭಾವ. "ಮೆಣಸಿನ ದುಡ್ಡು ಅಮ್ಮನ ಡಬ್ಬಿಗೆ. ಅಪ್ಪ ಇವತ್ತಿನವರೆಗೆ ಮುಟ್ಟಿದ್ನಿಲ್ಲೆ. ನಿಂಗೆ ಗೊತ್ತಿಲ್ಲೆ ಭಾವ, ಆ ಮನೇಲಿ ಬದುಕೋದು ಸುಲಭ ಅಲ್ಲ."

ಅವನ ತಾಯಿಯ ಬಗ್ಗೆ ಅವನೇ ಬಾಗಿಲು ತೆರೆದ. ನಾನು ಒಳಗೆ ಕಾಲಿಡಲಿಲ್ಲ. ಇನ್ನೊಂದು ಬನ್ಸ್ ಹೇಳಿದೆ. ಮಗ ಅಮ್ಮನನ್ನು ಬೈಯಬಹುದು. ಅಳಿಯ ಹೌದು ಅಂದ ಕೂಡಲೆ ಅದು ಬೇರೆ ಕೇಸು.

ಕೊನೆಗೆ ನಾಣ್ಯ ಚಿಮ್ಮಿ ನಾನು ಗೆದ್ದೆ. ಕೋಟೆ ತಪ್ಪಿತು, ದೋಣಿ ಸಿಕ್ಕಿತು.

ಈ ದಾರಿಯ ವಿಷಯದಲ್ಲಿ ನನಗೆ ಪಕ್ಷಪಾತ ಇದೆ, ಒಪ್ಪಿಕೊಳ್ಳುತ್ತೇನೆ. ನದಿಯ ಪಕ್ಕ ಗಜನಿ ಗದ್ದೆಗಳು, ಅಂದರೆ ಉಬ್ಬರದ ಉಪ್ಪುನೀರು ನುಗ್ಗುವ ಗದ್ದೆಗಳು. ಕಗ್ಗ ಭತ್ತದ ಕೊಯ್ಲು ಮುಗಿದಿತ್ತು. ಉಪ್ಪುನೀರಿನಲ್ಲೂ ನಿಂತು ಬೆಳೆಯುವ ಭತ್ತ ಅದು, ಪೈರು ಎತ್ತರ, ಅಕ್ಕಿ ಕೆಂಪು. ಇಳಿತದ ಹೊತ್ತು. ನೀರು ಸರಿದ ದಿಬ್ಬಗಳ ಮೇಲೆ ಹೆಂಗಸರು, ಗಂಡಸರು ಬಗ್ಗಿ ಬಳಚು ಎಂಬ ಚಿಪ್ಪುಮೀನು ಆರಿಸುತ್ತಿದ್ದರು. ಕೈಯಿಂದ ಮಣ್ಣು ಕೆದರುವುದು, ಚಿಪ್ಪನ್ನು ಬುಟ್ಟಿಗೆ ಹಾಕುವುದು, ಒಂದು ಹೆಜ್ಜೆ ಮುಂದೆ. ಭಾವ ಗಂಟೆಗೆ ಎಷ್ಟು ಸಿಗುತ್ತದೆ ಎಂದು ಲೆಕ್ಕ ಹಾಕಲು ಹೊರಟ. ಒಬ್ಬ ಅಜ್ಜಿ, "ಇಳಿದು ನೋಡು ತಮಾ" ಅಂದಳು. ಇಳಿಯಲಿಲ್ಲ.

ದೋಣಿಯಲ್ಲಿ ಎರಡು ಸೈಕಲ್, ಮೂರು ಬೈಕು, ಮೀನಿನ ಬುಟ್ಟಿ, ನಾವು. ಈ ಅಘನಾಶಿನಿ ಶಿರಸಿಯ ಶಂಕರಹೊಂಡದಲ್ಲಿ ಹುಟ್ಟುತ್ತದೆ. ದಾರಿಯಲ್ಲಿ ಉಂಚಳ್ಳಿಯಲ್ಲಿ 116 ಮೀಟರ್ ಧುಮುಕುತ್ತದೆ. ಒಂದೂ ಅಣೆಕಟ್ಟು ಇಲ್ಲದೆ ಇಲ್ಲಿ ಕಡಲಿಗೆ ಸೇರುತ್ತದೆ. ನಾವು ಹಿಂದಿನ ದಿನ ಬೆಳಿಗ್ಗೆ ಆರೂವರೆಗೆ ಹೊರಟು ಬಂದ ದಾರಿ ಅದರದ್ದೂ. ಭಾವ ಮೊದಲ ಸಲ ಐದು ನಿಮಿಷ ಮಾತಾಡದೆ ಕೂತ. ಆಮೇಲೆ ದೋಣಿಯವನಿಗೆ ಎಂಜಿನ್ ಎಷ್ಟು ಎಚ್‌ಪಿ ಎಂದು ಕೇಳಿದ.

ತದಡಿಯ ಧಕ್ಕೆಯ ಹತ್ತಿರ ಚಾ. ಹಾಲು ಪುಡಿಯದ್ದು, ಚೊಲೋ ಇರಲಿಲ್ಲ. ಆದರೂ ಎರಡೆರಡು ಕುಡಿದೆವು. ಅಲ್ಲಿ ಚೀಲದ ಬುಡ ಒದ್ದೆಯಾಗಿದ್ದು ಕಂಡಿತು. ಉಪ್ಪಿನಕಾಯಿ ಬಾಟಲಿಯ ಮುಚ್ಚಳ ಸಡಿಲವಾಗಿ, ನನ್ನ ಬಿಳಿ ಅಂಗಿಗೆ ರಸ ಇಳಿದಿತ್ತು. ಇಡೀ ಸೈಕಲ್ಲಿಗೆ ಅಪ್ಪೆಮಿಡಿಯ ವಾಸನೆ. ಪಕ್ಕದಲ್ಲಿ ಬಲೆ ಸರಿಮಾಡುತ್ತಿದ್ದವರು, "ಶಿರಸಿಯಿಂದ ಬಂದಿರಾ?" ಅಂದರು.

ಗೋಕರ್ಣದ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ವರ್ಷಾಂತ್ಯದ ರಜೆ, ಕಾಲಿಡಲು ಜಾಗ ಇಲ್ಲ. ಮಹಾಬಲೇಶ್ವರನ ದರ್ಶನಕ್ಕೆ ಸಾಲು ರಥಬೀದಿವರೆಗೆ. ರೂಮಿನ ಬಾಡಿಗೆ ಕೇಳಿ ಭಾವನ ವಾಚಿನಲ್ಲಿ ಎದೆ ಬಡಿತ ಏರಿತು. ಅತ್ತೆಯ ದೊಡ್ಡಪ್ಪನ ಮೊಮ್ಮಗಳ ಮನೆ ಇದೆಯಲ್ಲ! ಹಿಂದಿನ ಕೋಣೆಯಲ್ಲಿ ಚಾಪೆ ಸಿಕ್ಕಿತು. ಅಲ್ಲೂ ಕಷಾಯ. ಸಂಜೆ ಗುಡ್ಡ ಹತ್ತಿ ಕುಡ್ಲೆ ಕಡಲಿಗೆ ಇಳಿದು, ಸೂರ್ಯ ಮುಳುಗುವವರೆಗೆ ತೊಡೆ ತಿಕ್ಕಿಕೊಂಡು ಕೂತೆವು.

ಮೂರನೇ ದಿನ: ಗೋಕರ್ಣ – ಅಂಕೋಲಾ – ಕಾರವಾರ

ಸಾಣಿಕಟ್ಟೆಯ ಉಪ್ಪಿನ ಗದ್ದೆಗಳ ನಡುವೆ ಹೊರಟಾಗ ಬೆಳಕು ಹರಿಯುತ್ತಿತ್ತು. ಉಪ್ಪು ತೆಗೆಯುವ ಕಾಲ ಇನ್ನೂ ಬಂದಿರಲಿಲ್ಲ, ಗದ್ದೆಗಳಲ್ಲಿ ನೀರು, ನೀರಲ್ಲಿ ಕೊಕ್ಕರೆ. ಮಾದನಗೇರಿಯಲ್ಲಿ ಹೆದ್ದಾರಿ 66ಕ್ಕೆ ಸೇರಿದೆವು. ಚತುಷ್ಪಥ, ಸಮತಟ್ಟು, ಬೇಜಾರು. ಲಾರಿಗಳು ಪಕ್ಕದಲ್ಲಿ ಹೋದಾಗ ಸೈಕಲ್ ಒಂದು ಅಡಿ ಆಚೆ ಸರಿಯುತ್ತದೆ.

ಅರ್ಧ ಗಂಟೆಗೆ ಭಾವನ ಹಿಂದಿನ ಟಯರು ಕೂತಿತು. ಹೆದ್ದಾರಿಯ ಅಂಚಿನಲ್ಲಿ ಸೈಕಲ್ಲಿಗೆ ಶತ್ರು ಮೊಳೆಯಲ್ಲ, ಸಿಡಿದ ಲಾರಿ ಟಯರಿನೊಳಗಿನ ಕೂದಲಿನಷ್ಟು ಸಣ್ಣ ತಂತಿ. ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ಚುಚ್ಚುತ್ತದೆ. ಅದನ್ನು ತೆಗೆಯದೆ ಹೊಸ ಟ್ಯೂಬ್ ಹಾಕಿದರೆ ಅದೂ ಹೋಗುತ್ತದೆ. ಭಾವ ಹಾಗೇ ಮಾಡಿದ, ಅದೂ ಹೋಯಿತು. ಅವನ ಪುಟ್ಟ ಪಂಪೂ ಕೈಕೊಟ್ಟಿತು. ತಂತಿ ತೆಗೆದು, ಪ್ಯಾಚ್ ಹಾಕಿ, ತಳ್ಳಿಕೊಂಡು ಒಂದು ಲಾರಿ ಪಂಕ್ಚರ್ ಅಂಗಡಿಗೆ ಹೋದರೆ, ಅಲ್ಲಿ ಗಾಳಿ ಇದೆ, ಆದರೆ ನಳಿಗೆ ಕೂರುವುದಿಲ್ಲ. ದುಬಾರಿ ಸೈಕಲ್ಲುಗಳಲ್ಲಿ ಇರುವುದು ತೆಳ್ಳಗಿನ ಪ್ರೆಸ್ಟಾ ವಾಲ್ವ್, ಕಾರು, ಬೈಕಿನದಲ್ಲ. ನಾನು ಪರ್ಸಿನಿಂದ ಕಡಲೆಯಷ್ಟು ದೊಡ್ಡ ಹಿತ್ತಾಳೆ ತುಂಡೊಂದನ್ನು ತೆಗೆದು ಆ ವಾಲ್ವಿಗೆ ತಿರುಗಿಸಿದೆ. ಈಗ ನಳಿಗೆ ಕೂತಿತು. ಹಿಂದೆ ಗೆಳೆಯನೊಬ್ಬನ ಸೈಕಲ್ಲಿಗೆ ಅಂತ 30 ರೂಪಾಯಿ ಕೊಟ್ಟು ತಗೊಂಡಿದ್ದು. ನಾನೇನೂ ಹೇಳಲಿಲ್ಲ. ಏನೂ ಹೇಳದೆ ಇರುವುದರ ಸುಖವನ್ನು ಮಾವನ ಮನೆಯಲ್ಲೇ ಕಲಿತದ್ದು.

ಶಿರೂರಿನಲ್ಲಿ ಇಬ್ಬರೂ ತಾವಾಗೇ ನಿಂತೆವು. 2024ರ ಜುಲೈ 16ರ ಬೆಳಿಗ್ಗೆ ಗುಡ್ಡ ಕುಸಿದದ್ದು ಇಲ್ಲೇ. ರಸ್ತೆ ಬದಿ ಒಂದು ಚಾದಂಗಡಿ ಇತ್ತು. ಅಂಗಡಿಯವರ ಕುಟುಂಬ, ಚಾ ಕುಡಿಯಲು ನಿಂತವರು ಮಣ್ಣಿನ ಜೊತೆ ಗಂಗಾವಳಿಗೆ ಹೋದರು. ಕೇರಳದ ಲಾರಿಯೊಂದು, ಅದರ ಡ್ರೈವರ್, ನದಿಯಿಂದ ಮೇಲೆ ಬಂದದ್ದು ಸೆಪ್ಟೆಂಬರ್ ಕೊನೆಯಲ್ಲಿ. ಆ ಅಂಗಡಿಯಲ್ಲಿ ನಾನೂ ಒಮ್ಮೆ ಚಾ ಕುಡಿದಿದ್ದೆ, ಬಸ್ಸು ಕೆಟ್ಟಾಗ. ಕೆಂಪು ಗುಡ್ಡದ ಗಾಯ ಇನ್ನೂ ಹಾಗೇ ಇದೆ. ಭಾವನ ಫೋನ್ ಹೊಡೆಯಿತು, ಅತ್ತೆ. "ಹ್ಞೂ ಅಮ್ಮ, ಹುಷಾರಾಗಿದ್ದೇವೆ" ಅಂದ, ಎಂದಿನಂತೆ ಸಿಡುಕಲಿಲ್ಲ.

ಅಂಕೋಲಾದವರೆಗೆ ಮಾತಿಲ್ಲ. ಪೇಟೆಯಲ್ಲಿ ಕುತ್ತಿಗೆ ತುಂಬ ಮಣಿಸರ ಹಾಕಿದ ಹಾಲಕ್ಕಿ ಹೆಂಗಸರು ಬಸಳೆ, ಬದನೆ ಇಟ್ಟು ಕೂತಿದ್ದರು. ಬರಿಗಾಲಲ್ಲಿ ದೆಹಲಿಗೆ ಹೋಗಿ ಪದ್ಮಶ್ರೀ ತಂದ ತುಳಸಿ ಗೌಡ ಇದೇ ತಾಲ್ಲೂಕಿನವರು, 2024ರ ಡಿಸೆಂಬರಿನಲ್ಲಿ ತೀರಿಕೊಂಡರು. 1930ರಲ್ಲಿ ಉಪ್ಪಿನ ಕಾನೂನು ಮುರಿದ ಊರೂ ಇದೇ. ಇಶಾಡು ಮಾವಿನ ಕಾಲವಲ್ಲ, ಇಲ್ಲದಿದ್ದರೆ ಇಲ್ಲೇ ಉಳಿಯುತ್ತಿದ್ದೆವು.

ಹಾರವಾಡ ದಾಟಿ ಒಂದು ತಗಡಿನ ಚಪ್ಪರದ ಕೆಳಗೆ ಹನ್ನೆರಡನೆಯದೋ ಹದಿಮೂರನೆಯದೋ ಚಾ. ಭಾವ ಇದ್ದಕ್ಕಿದ್ದ ಹಾಗೆ ಕೇಳಿದ.

"ಭಾವ, ನಮ್ಮನೇಲಿ ನಿಂಗೆ ಎಂತಾದ್ರೂ ಬೇಜಾರಿದ್ದ?"

ಮೂರು ದಿನದಿಂದ ಕಾದ ಪ್ರಶ್ನೆ. ಮನಸ್ಸಿನಲ್ಲಿ ಪಟ್ಟಿ ತಯಾರಿತ್ತು: ಐದು ಗಂಟೆ, ಸಂಬಳ, ಸೆಖೆ, ಘಟ್ಟದ ಕೆಳಗು, ನಿನ್ನ ವಾಚು. ಬಾಯಿಂದ ಬಂದದ್ದು ಒಂದೇ.

"ಒಂದು ಲೋಟ ಚಾ ಕೊಡಬಹುದಿತ್ತು ಮಾರಾಯ."

ಅವನು ನಕ್ಕು ನಕ್ಕು ಕೆಮ್ಮಿದ. "ಅಮ್ಮಂಗೆ ಹೇಳಡ" ಅಂತ ಅಷ್ಟೇ ಹೇಳಿದ. ಯಾವುದನ್ನು ಅಂತ ನಾನೂ ಕೇಳಲಿಲ್ಲ.

ಅರ್ಗಾದ ನೌಕಾನೆಲೆಯ ಉದ್ದುದ್ದ ಗೋಡೆ, ಬಿಣಗಾದ ಏರು, ಮತ್ತೆ ಕಾರವಾರ. ಸಂಜೆ ಐದಕ್ಕೆ ಟ್ಯಾಗೋರ್ ಕಡಲತೀರದಲ್ಲಿ ಕೊನೆಯ ಚಾ. ರವೀಂದ್ರನಾಥ ಟ್ಯಾಗೋರರು ಇಲ್ಲಿಗೆ ಬಂದದ್ದು 1880ರ ದಶಕದ ಮೊದಲಲ್ಲಿ, ಇಪ್ಪತ್ತೆರಡರ ಆಸುಪಾಸಿನ ಹುಡುಗ. ಅಣ್ಣ ಸತ್ಯೇಂದ್ರನಾಥ ಇಲ್ಲಿ ಜಡ್ಜ್. 'ಪ್ರಕೃತಿರ್ ಪ್ರತಿಶೋಧ್' ನಾಟಕ ಇಲ್ಲಿ ಬರೆದರು. "ಅಣ್ಣ, ಅತ್ತಿಗೆ ಮನೇಲಿ ಕೂತು ನಾಟಕ ಬರೆಯೋಕೆ ಬಿಟ್ಟಿದ್ರಲ್ಲ, ಯಾರೂ ಸಂಬಳ ಕೇಳ್ಲಿಲ್ಲ" ಎಂದ ಭಾವ.

ಮನೆಗೆ ಬಂದು ಡಬ್ಬಿ ಬಿಚ್ಚಿದರೆ ತೊಡದೇವು ಒಂದೂ ಉಳಿದಿರಲಿಲ್ಲ. ಪುಡಿ, ಬರೀ ಪುಡಿ. ಮಕ್ಕಳು ಬಟ್ಟಲಿಗೆ ಸುರಿದು, ಹಾಲು, ತುಪ್ಪ ಹಾಕಿ ಚಮಚದಲ್ಲಿ ತಿನ್ನುತ್ತಿದ್ದಾಗಲೇ ಫೋನ್ ಬಂತು.

"ತೊಡದೇವು ಒಡೆದು ಪುಡಿ ಆಜಿಲ್ಲೆ ಅಲ್ದ?" ಅಂದರು ಅತ್ತೆ.

"ಇಲ್ಲ ಅತ್ತೆ, ಹಾಗೇ ಇದೆ" ಅಂದೆ. ಭಾವ ಗೋಡೆ ಕಡೆ ತಿರುಗಿದ.

ಆಮೇಲೆ ಮಾವ ಫೋನ್ ತಗೊಂಡರು. ದಾರಿ ಹೇಗಿತ್ತು, ಮಳೆ ಮೋಡ ಇತ್ತಾ, ಕುಮಟಾದಲ್ಲಿ ತೆಂಗಿನಕಾಯಿ ರೇಟು ಎಷ್ಟು. ಎಲ್ಲಕ್ಕೂ ಉತ್ತರ ಕೊಟ್ಟೆ. ಆಮೇಲೆ ಸುಮ್ನೆ ಹೇಳಿದೆ:

"ಅಮ್ಮಿನಳ್ಳಿಯಲ್ಲಿ ಚಾ ಕುಡಿದ್ವಿ ಮಾವ. ಚೊಲೋ ಇತ್ತು."

ಆಚೆ ಸದ್ದಿಲ್ಲ. ಅಂಗಳದಲ್ಲಿ ಅಡಿಕೆ ಸುಲಿಯುವವರ ಮಾತು ಸಣ್ಣಗೆ ಕೇಳುತ್ತಿತ್ತು. ಒಂದು ಬಾಗಿಲು ಮುಚ್ಚಿದ ಹಾಗಾಯಿತು. ಮಾವ ದನಿ ತಗ್ಗಿಸಿದರು.

"ಅಂವ ಶುಂಠಿ ಒಂದು ಚೂರು ಜಾಸ್ತಿ ಹಾಕ್ತ."